ಹನ್ನೊಂದನೇ ಕಂತಿನ ನಗರ

ಹನ್ನೊಂದನೇ ಕಂತು ಅವಳ ಪಾಲಿಗೆ ಬಂದದ್ದು ಇನ್ನಿಬ್ಬರು ನಿರ್ದೇಶಕರು ಅದನ್ನು ಓದಿ ನಯವಾಗಿ ಕೈ ತೊಳೆದುಕೊಂಡ ಮೇಲೆ. ಆಗಿನ್ನೂ ಟೆಲಿವಿಷನ್ನಿಗೆ ಬಣ್ಣ ಬಂದಿರಲಿಲ್ಲ. ಭಾನುವಾರ ಸಂಜೆ ಏಳಕ್ಕೆ ಬಾಹ್ಯಾಕಾಶದ ಒಂದು ಕಥೆ. ವಾರಕ್ಕೊಂದು ಗ್ರಹ, ವಾರಕ್ಕೊಂದು ಆಪತ್ತು. ಜನ ತಪ್ಪದೆ ನೋಡುತ್ತಿದ್ದರು, ನೋಡಿ ನಗುತ್ತಲೂ ಇದ್ದರು. ಏಳನೇ ಕಂತಿನಲ್ಲಿ ರಾಕೆಟ್ಟಿನ ಬಾಗಿಲು ನಾಯಕನ ಕೈಯಲ್ಲೇ ಕಿತ್ತು ಬಂದದ್ದು ಊರಿಗೆಲ್ಲ ಒಂದು ತಿಂಗಳ ಮಾತಾಗಿತ್ತು.

ಕಥೆಯೇನೋ ಸರಳವಾಗಿತ್ತು. ದೂರದ ಗ್ರಹವೊಂದರ ಕಾವಲು ಠಾಣೆಯಲ್ಲಿ ಒಬ್ಬಳೇ ಹೆಂಗಸು. ಠಾಣೆ ಬೆಟ್ಟದ ಮೇಲಿದೆ. ಅದರ ಕಿಟಕಿಯಿಂದ ಕೆಳಗೆ ಆ ಗ್ರಹದವರ ನಗರ ಕಾಣುತ್ತದೆ. ಇಳಿದು ಹೋಗಬಾರದೆಂದು ಅವಳಿಗೆ ಅಪ್ಪಣೆ. ಹನ್ನೆರಡು ವರ್ಷದಿಂದ ಅವಳು ಆ ದೀಪಗಳನ್ನು ನೋಡಿದ್ದಾಳೆ, ದೀಪ ಹಚ್ಚುವವರನ್ನು ಒಮ್ಮೆಯೂ ನೋಡಿಲ್ಲ. ಒಂದು ದಿನ ಆ ದೀಪಗಳು ಒಂದೊಂದಾಗಿ ಆರತೊಡಗುತ್ತವೆ. ಎಲ್ಲ ಆರಿದ ಮೇಲೆ ಯಾರೋ ಅವಳ ಬಾಗಿಲು ತಟ್ಟುತ್ತಾರೆ. ಕೊನೆಯ ಪುಟದಲ್ಲಿ ಹೀಗಿತ್ತು: ‘ಬಾಗಿಲು ತೆರೆಯುತ್ತದೆ. ಆರು ಕೈಗಳ ಜೀವಿ ಒಳಬರುತ್ತದೆ. ಅವಳು ಕಿರುಚುತ್ತಾಳೆ.’

ಆ ಮೂರು ವಾಕ್ಯ ಬಿಟ್ಟು ಉಳಿದದ್ದೆಲ್ಲ ಅವಳಿಗೆ ಹಿಡಿಸಿತು.

ನಿರ್ದೇಶಕಿಯಾಗಿ ಅದು ಅವಳ ಎರಡನೆಯ ಕೆಲಸ. ಅದಕ್ಕೆ ಮುಂಚೆ ಎಂಟು ವರ್ಷ ನಿಯಂತ್ರಣ ಕೊಠಡಿಯಲ್ಲಿ ಗುಂಡಿ ಒತ್ತಿದ್ದಳು. ಮೂರು ಕ್ಯಾಮರಾಗಳ ಚಿತ್ರ ಎದುರಿಗೆ ಮೂರು ಮಾನಿಟರುಗಳಲ್ಲಿ ಬರುತ್ತಿರುತ್ತದೆ. ನಿರ್ದೇಶಕ ಹೇಳಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕು. ಎಷ್ಟೋ ಸಾರಿ ಅವರು ಬಾಯಿ ತೆರೆಯುವ ಮೊದಲೇ ಅವಳ ಬೆರಳು ಸರಿಯಾದ ಗುಂಡಿಯ ಮೇಲಿರುತ್ತಿತ್ತು. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಲೈಟಿನವನೂ ಸೇರಿ. ಅವನಿಗೆ ಮಿಣುಕಣ್ಣ ಎಂದು ಅಡ್ಡಹೆಸರು. ಬೆಳಕು ಕೇಳಿದರೆ ಕತ್ತಲೆ ಕೊಡುತ್ತಾನೆಂದು ಬೇರೆ ನಿರ್ದೇಶಕರು ಗೊಣಗುತ್ತಿದ್ದರು. ಅದೇ ಕಾರಣಕ್ಕೆ ಅವಳು ಅವನನ್ನು ಕೇಳಿ ಹಾಕಿಸಿಕೊಂಡಳು.

ನಾಟಕ ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ, ಅವಸರದವರು. ದೊಡ್ಡ ಸ್ಟುಡಿಯೋ ಹಾಡಿನ ಕಾರ್ಯಕ್ರಮಕ್ಕೆ ಹೋಗಿದೆ, ನಿಮಗೆ ಚಿಕ್ಕದೇ ಗತಿ ಅಂದರು.

“ನಗರ ಹೇಗೆ ತೋರಿಸ್ಲಿ ಸರ್?”

“ಕಿಟಕಿ ಆಚೆ ಒಂದು ದೊಡ್ಡ ಫೋಟೋ ಅಂಟಿಸ್ಬಿಡಿ.”

“ಫೋಟೋದಲ್ಲಿ ದೀಪ ಆರಲ್ವಲ್ಲ ಸರ್.”

“ಹಾಗಾದ್ರೆ ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಆರು ಕೈಯ ಉಡುಪು ಆಗ್ಲೇ ಹೊಲಿದು ಇಟ್ಟಿದಾರೆ, ಅದನ್ನ ಮಾತ್ರ ಬಿಡೋ ಹಾಗಿಲ್ಲ.”

ಏನಾದರೂ ಮಾಡಿಕೊಳ್ಳಿ ಅಂದ ಮೇಲೆ ಅವಳಿಗೆ ನೆನಪಾದದ್ದು ಒಬ್ಬರೇ, ಅವಳ ಅಪ್ಪ.

ಅಪ್ಪ ನಲವತ್ತು ವರ್ಷ ಒಂದು ನಾಟಕ ಕಂಪನಿಗೆ ಪರದೆ ಬರೆದವರು. ಅರಮನೆ, ಅಡವಿ, ಸಮುದ್ರ ತೀರ. ಪರದೆ ಏಳುತ್ತಿದ್ದ ಹಾಗೆ ನಟರು ಬಾಯಿ ಬಿಡುವ ಮೊದಲೇ ಅಪ್ಪನ ಸಮುದ್ರಕ್ಕೆ ಚಪ್ಪಾಳೆ ಬೀಳುತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದರು. ಮಗಳು ಕೆಲಸ ಮಾಡುವ ಟೆಲಿವಿಷನ್ನಿನ ಬಗ್ಗೆ ಅವರಿಗೆ ಅಷ್ಟೇನೂ ಗೌರವವಿರಲಿಲ್ಲ.

“ಆ ಡಬ್ಬದೊಳಗೆ ಅರಮನೆ ಹಾಕಿದ್ರೆ ಕೋಳಿಗೂಡು ಕಂಡಂಗೆ ಕಾಣುತ್ತೆ,” ಅನ್ನುತ್ತಿದ್ದರು.

ಆದರೂ ಮಗಳು ಬಂದು, “ಅಪ್ಪ, ಒಂದು ನಗರ ಬೇಕು. ಮನುಷ್ಯರು ಕಟ್ಟಿದ್ದಲ್ಲ,” ಅಂದಾಗ ಅವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು.

“ಎಷ್ಟು ಅಗಲ?”

“ಮೂವತ್ತು ಅಡಿ.”

“ಅವರಿಗೆ ಮೆಟ್ಟಿಲು ಹತ್ತೋಕೆ ಬರುತ್ತೋ, ಹಾರೋಕೆ ಬರುತ್ತೋ? ಅದು ಗೊತ್ತಾಗ್ದೆ ಮನೆ ಹೇಗೆ ಬರೀಲಿ?”

ಅವಳಿಗೂ ಗೊತ್ತಿರಲಿಲ್ಲ. ಕಥೆ ಬರೆದವನಿಗೂ ಗೊತ್ತಿರಲಿಕ್ಕಿಲ್ಲ. ಅಪ್ಪ ತಾವೇ ತೀರ್ಮಾನಿಸಿದರು: ಹತ್ತುತ್ತಾರೆ, ಆದರೆ ಸುತ್ತಿಕೊಂಡು ಹತ್ತುತ್ತಾರೆ. ಮಾರನೆಯ ದಿನವೇ ಕುಂಚದ ಪೆಟ್ಟಿಗೆಯೊಂದಿಗೆ ಸ್ಟುಡಿಯೋಗೆ ಬಂದರು. ಮನೆಯಲ್ಲಿ ‘ನೀನು’ ಎನ್ನುವ ಮಗಳು ಅಲ್ಲಿ ಎಲ್ಲರೆದುರು, “ನೀವು ಇಲ್ಲಿಂದ ಶುರು ಮಾಡಿ,” ಅಂದಾಗ ಒಂದು ಸಲ ತಿರುಗಿ ನೋಡಿ, “ಆಗ್ಲಿ ಅಕ್ಕಾವ್ರೇ,” ಅಂದರು. ಏಣಿ ಹಿಡಿದಿದ್ದವರು ನಕ್ಕುಬಿಟ್ಟರು.

ಹನ್ನೆರಡು ದಿನ ಬರೆದರು. ಶಂಖದ ಹಾಗೆ ಸುತ್ತಿ ಮೇಲೇರಿದ ಗೋಪುರಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ಸೇತುವೆಗಳು, ಕಲ್ಲಿನ ಮೇಲೆ ತೇವ, ತೇವದ ಮೇಲೆ ಹೊಳಪು. ಊಟದ ಬಿಡುವಿನಲ್ಲಿ ಪಕ್ಕದ ಸ್ಟುಡಿಯೋದ ಹಾಡುಗಾರರೂ ಬಂದು ಅದರೆದುರು ಮಾತಿಲ್ಲದೆ ನಿಂತು ಹೋಗುತ್ತಿದ್ದರು. ಅಪ್ಪ ಏಣಿಯ ಮೇಲಿಂದ ಕೆಳಗೆ ನೋಡುತ್ತಿರಲಿಲ್ಲ. ಆದರೆ ಕೆಳಗೆ ಜನ ನಿಂತಿದ್ದಾರೆಂದು ಅವರಿಗೆ ಗೊತ್ತಿರುತ್ತಿತ್ತು.

ಹದಿಮೂರನೆಯ ದಿನ ಕ್ಯಾಮರಾ ಹಚ್ಚಿ ನೋಡಿದರು. ಒಂದನೇ ಕ್ಯಾಮರಾ ಉದ್ದಣ್ಣನದು. ಆರಡಿ ಮೂರಂಗುಲದ ಆಸಾಮಿ, ಕೈ ಮಾತ್ರ ಹೂವಿನಷ್ಟು ಹಗುರ. ಕಿಟಕಿಯ ಚೌಕಟ್ಟಿನ ಮೂಲಕ ಪರದೆಯನ್ನು ಹಿಡಿದ. ನಿಯಂತ್ರಣ ಕೊಠಡಿಯಲ್ಲಿ ಮಾನಿಟರಿನ ಮುಂದೆ ಅವಳು ಬಹಳ ಹೊತ್ತು ಕೂತಳು. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ನಗರ ಮಾನಿಟರಿನ ಗಾಜಿನಲ್ಲಿ ಬರೀ ಬಣ್ಣ ಬಳಿದ ಬಟ್ಟೆಯಾಗಿತ್ತು. ಹೊಳಪೆಲ್ಲ ಬೂದಿ. ಸೇತುವೆಗಳು ಗೀರು.

“ನನ್ನ ಕೈಲಾದ್ದೆಲ್ಲ ಮಾಡಿ ನೋಡ್ದೆ ಅಕ್ಕ,” ಎಂದ ಮಿಣುಕಣ್ಣ. “ಮುಂದಿಂದ ಬೆಳಕು ಬಿಟ್ಟಷ್ಟೂ ಅದು ಬಟ್ಟೆ ಅಂತಲೇ ಹೇಳುತ್ತೆ.”

“ಹಿಂದಿಂದ ಬಿಟ್ರೆ?”

“ಬಣ್ಣ ದಪ್ಪ ಇದೆ. ಒಂದು ಚೂರೂ ಈಚೆ ಬರಲ್ಲ.” ಅವನು ದನಿ ತಗ್ಗಿಸಿ, “ತೂತು ಮಾಡಿದ್ರೆ ಬರುತ್ತೆ,” ಅಂದ. ಅಂದವನು ನೆಲ ನೋಡಿದ.

ಅವಳಿಗೆ ಆ ಕ್ಷಣವೇ ಚಿತ್ರ ಕಣ್ಣೆದುರು ಬಂತು. ಮುಂದೆ ಪೂರ್ತಿ ಕತ್ತಲೆ. ಗೋಪುರಗಳ ಅಂಚು ಮಾತ್ರ ಇದ್ದೂ ಇಲ್ಲದ ಹಾಗೆ. ಕಿಟಕಿ ಇರಬೇಕಾದಲ್ಲೆಲ್ಲ ಸೂಜಿಮೊನೆಯಷ್ಟು ಬೆಳಕು, ನೂರಾರು. ಅವು ಒಂದೊಂದಾಗಿ ಆರಬಹುದು. ಎಷ್ಟು ಸರಿಯಾದ ಚಿತ್ರವೆಂದು ಅವಳಿಗೆ ಗೊತ್ತಿತ್ತು; ಹನ್ನೆರಡು ದಿನದ ಬರಹದಲ್ಲಿ ಒಂದು ಗೆರೆಯೂ ನೋಡುವವರಿಗೆ ಕಾಣುವುದಿಲ್ಲವೆಂದೂ ಗೊತ್ತಿತ್ತು.

ಬೇರೆಯವರ ಕೈಲಿ ಹೇಳಿಸಲಿಲ್ಲ. ತಾನೇ ಕೆಳಗಿಳಿದು ಹೋಗಿ ಹೇಳಿದಳು.

ಅಪ್ಪ ಕುಂಚ ತೊಳೆಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. “ತೂತು ಹಾಕೋಕೆ ಇಷ್ಟು ಚೆನ್ನಾಗಿ ಯಾಕೆ ಬರೆಸ್ದೆ? ಒಂದು ಕರೀ ಬಟ್ಟೆ ತಂದಿದ್ರೆ ಆಗ್ತಿತ್ತು.”

“ಬರೆಸೋವಾಗ ನನಗೂ ಗೊತ್ತಿರ್ಲಿಲ್ಲ ಅಪ್ಪ. ಈಗ ಗೊತ್ತಾಯ್ತು.”

“ಗೊತ್ತಾದ್ಮೇಲೆ ನನ್ನನ್ನೇನು ಕೇಳೋದು? ನಿರ್ದೇಶಕಿ ನೀನು.” ಕುಂಚ ಒರೆಸಿ, ಪೆಟ್ಟಿಗೆ ಮುಚ್ಚಿ, ಹೊರಟುಹೋದರು.

ಮನೆಯಲ್ಲಿ ಅಪ್ಪ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದರೆಂದು ಅಮ್ಮನಿಂದ ಅವಳಿಗೆ ತಿಳಿಯಿತು. ಅಮ್ಮ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

“ಕಂಪನೀಲಿ ಮಾಲೀಕರು ನಿಮ್ಮ ಅಡವಿ ಪರದೆ ಕತ್ತರಿಸಿ ಬಾಗ್ಲು ಮಾಡಿಸಿದಾಗ ಒಂದು ಮಾತೂ ಆಡ್ಲಿಲ್ಲ. ಮಗಳು ಸೂಜಿ ಅಂದಿದ್ದಕ್ಕೆ ಇಷ್ಟು ಕೋಪ ಬಂತಾ?” ಅಂದರು.

“ಮಾಲೀಕರಿಗೆ ಪರದೆ ಅಂದ್ರೆ ಏನು ಗೊತ್ತಿತ್ತು? ಇವಳಿಗೆ ಗೊತ್ತಿದೆ.”

“ಗೊತ್ತಿರೋಳು ಕೇಳ್ತಿದಾಳೆ ಅಂದ್ರೆ ಅದಕ್ಕೊಂದು ಅರ್ಥ ಇರ್ಬೇಕಲ್ಲ,” ಅಂದು ಅಮ್ಮ ತಟ್ಟೆ ಮುಚ್ಚಿಟ್ಟು ತಮ್ಮ ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳೂ ಮಿಣುಕಣ್ಣನೂ ಏಣಿ ಹಾಕಿಕೊಂಡು ದಬ್ಬಣದಿಂದ ತೂತು ಹಾಕುತ್ತಿದ್ದರು. ಒಂದು ಗೋಪುರ ಮುಗಿಸಿ ಎರಡನೆಯದಕ್ಕೆ ಹೋಗುವಾಗ ಕೆಳಗಿನಿಂದ ದನಿ ಬಂತು.

“ಇಳಿ ಕೆಳಗೆ. ಇದೇನು ಜರಡಿ ಮಾಡ್ತಿದೀಯಾ?”

ಅಪ್ಪ ನಿಂತಿದ್ದರು. ಕೈಯಲ್ಲಿ ಮೂರು ಅಳತೆಯ ಸೂಜಿ, ಒಂದು ದಬ್ಬಣ, ಒಂದು ಹಿಡಿ ಮೊಳೆ.

“ಸಾಲಾಗಿ ಹಾಕಿದೀಯ ನೋಡು, ಒಂದೇ ಅಂತರ, ಒಂದೇ ಗಾತ್ರ. ಯಾವ ಊರಲ್ಲಿ ಎಲ್ಲಾ ಮನೇಲೂ ಒಂದೇ ಥರ ದೀಪ ಉರಿಯುತ್ತೆ? ಈ ಮೂಲೇಲಿ ಒಬ್ಬರು ರಾತ್ರಿಯೆಲ್ಲ ಓದೋರಿದಾರೆ, ಇಲ್ಲಿ ದೊಡ್ಡ ದೀಪ ಬೇಕು. ಇಲ್ಲಿ ಹಸುಗೂಸಿದೆ, ದೀಪ ಸಣ್ಣ ಮಾಡಿಟ್ಟಿದಾರೆ. ಈ ಇಡೀ ಅಂತಸ್ತಲ್ಲಿ ಯಾರೂ ಇಲ್ಲ, ಮನೆ ಖಾಲಿ. ಖಾಲಿ ಮನೆ ಇಲ್ದೇ ಇರೋ ಊರನ್ನ ಯಾರು ನಂಬ್ತಾರೆ?”

ಅವಳು ಏಣಿಯಿಂದ ಇಳಿದಳು. ಅಪ್ಪ ಹತ್ತಿದರು. ಮಿಣುಕಣ್ಣ ಪರದೆಯ ಹಿಂದೆ ದೊಡ್ಡ ದೀಪಗಳನ್ನು ಹೊತ್ತಿಸಿದ. ಅಪ್ಪ ಚುಚ್ಚಿದಲ್ಲೆಲ್ಲ ಒಂದು ಮನೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಅವಳು ಅವರನ್ನು ಕೈ ಹಿಡಿದು ನಿಯಂತ್ರಣ ಕೊಠಡಿಗೆ ಕರೆದೊಯ್ದು ಮಾನಿಟರಿನ ಮುಂದೆ ಕೂರಿಸಿದಳು. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಕೋಳಿಗೂಡು ಅನ್ನಲಿಲ್ಲ. “ಎಡಗಡೆ ಇನ್ನೂ ನಾಲ್ಕು ಮನೆ ಬೇಕು,” ಅಂದರು ಅಷ್ಟೇ. ಎದ್ದು ಹೋಗಿ ಆ ನಾಲ್ಕನ್ನೂ ಹಾಕಿದರು.

ಇನ್ನು ಉಳಿದದ್ದು ಆರು ಕೈಯ ಉಡುಪು. ಅದರ ಬಗ್ಗೆ ಅವಳು ಮುಖ್ಯಸ್ಥರೊಂದಿಗೆ ವಾದಕ್ಕೆ ಇಳಿಯಲಿಲ್ಲ. ತಾಲೀಮಿಗೆ ಕರೆದಳು. ಒಬ್ಬ ನಟನಿಗೆ ಉಡುಪು ತೊಡಿಸಿ ಠಾಣೆಯ ಬಾಗಿಲಿಂದ ಒಳಗೆ ಬಿಟ್ಟಳು. ಎರಡು ಕೈ ಅವನವು. ಉಳಿದ ನಾಲ್ಕು ಅವನು ನಡೆದಾಗಲೆಲ್ಲ ತೊಡೆಗೆ ಬಡಿಯುತ್ತಿದ್ದವು. ಮುಖ್ಯಸ್ಥರು ಮಾನಿಟರನ್ನು ನೋಡಿದರು. “ಇದು ಜೀವೀನಾ, ನೆಂದ ಹಾಸಿಗೇನಾ?” ಎಂದು ಕೇಳಿದರು.

“ಇನ್ನೊಂದು ಥರ ತೋರಿಸ್ತೀನಿ ಸರ್,” ಅಂದಳು.

ಉದ್ದಣ್ಣನ ಕ್ಯಾಮರಾವನ್ನು ಅದು ಏರುವಷ್ಟು ಎತ್ತರಕ್ಕೆ ಏರಿಸಿ ಬಾಗಿಲ ಹೊರಗೆ ನಿಲ್ಲಿಸಿದಳು. ಬಾಗಿಲು ತೆರೆಯಿತು. ಬಂದವನು ಕಾಣಲಿಲ್ಲ, ಬಂದವನಿಗೆ ಕಂಡದ್ದು ಕಂಡಿತು. ಚಿಕ್ಕ ಕೋಣೆ, ಒಂದು ಮೇಜು, ತಲೆಯೆತ್ತಿ ತನ್ನನ್ನೇ ನೋಡುತ್ತಿರುವ ಒಬ್ಬ ಪುಟ್ಟ ಹೆಂಗಸು. ಕ್ಯಾಮರಾ ಬಾಗಿಲಲ್ಲಿ ತುಸು ಬಗ್ಗಿ ಒಳಬಂತು, ತಲೆ ತಾಗೀತೆಂದು ಬಗ್ಗುವವರ ಹಾಗೆ. ನಟಿ ಕಿರುಚಲಿಲ್ಲ. ಅವಳ ಮುಖದಲ್ಲಿ ಭಯ ಬಂತು, ಆಮೇಲೆ ಅವಳಿಗೆ ಏನೋ ಅರ್ಥವಾಯಿತು: ಈ ಬಂದವರಿಗೆ ಮನೆಯಿಲ್ಲ. ಅವಳು ಮೇಜಿನ ಕೆಳಗಿಂದ ಕುರ್ಚಿ ಎಳೆದು ಅವರ ಕಡೆಗೆ ತಿರುಗಿಸಿಟ್ಟಳು.

ಮುಖ್ಯಸ್ಥರು, “ಆ ಉಡುಪನ್ನ ಮಕ್ಕಳ ಕಾರ್ಯಕ್ರಮಕ್ಕೆ ಕೊಟ್ಬಿಡಿ,” ಎಂದು ಹೇಳಿ ಎದ್ದರು.

ಆಗಿನ ಕಾಲಕ್ಕೆ ಟೇಪನ್ನು ನಡುವೆ ನಿಲ್ಲಿಸಿ ಜೋಡಿಸುವುದು ದೊಡ್ಡ ರಗಳೆ. ಇಪ್ಪತ್ತಾರು ನಿಮಿಷದ ಕಂತನ್ನು ಮೊದಲಿಂದ ಕೊನೆವರೆಗೆ ಒಂದೇ ಉಸಿರಿಗೆ ಆಡಿ ಮುಗಿಸಬೇಕು. ದೀಪ ಆರಿಸುವ ಕೆಲಸಕ್ಕೆ ಪರದೆಯ ಹಿಂದೆ ನಾಲ್ವರು ತೂತು ಮುಚ್ಚಲು ರಟ್ಟಿನ ತುಂಡು ಹಿಡಿದು ನಿಂತರು, ಐದನೆಯವರು ಅಪ್ಪ. ಯಾವ ಮನೆ ಯಾವಾಗ ಆರಬೇಕೆಂದು ಅವರಿಗಷ್ಟೇ ಬಾಯಿಪಾಠ. ಹಿಂದೆ ಒಂದು ಕೆಂಪು ಬಲ್ಬು ಹತ್ತಿದಾಗ ಶುರು ಮಾಡಬೇಕು, ಒಂದು ನಿಮಿಷದಲ್ಲಿ ಮುಗಿಸಬೇಕು. ಕಟ್ಟಕಡೆಯ ದೀಪ ಅಪ್ಪನ ಕೈಯಲ್ಲಿ. ಅದು ಆರಿದ ಕೂಡಲೇ ಪಕ್ಕದ ಕ್ಯಾಮರಾದಿಂದ ನಟಿಯ ಮುಖ, ಆಮೇಲೆ ಬಾಗಿಲು ತಟ್ಟಿದ ಸದ್ದು. ತಾಲೀಮಿನಲ್ಲಿ ನಾಲ್ಕು ಸಲವೂ ಇದು ಗಡಿಯಾರದ ಹಾಗೆ ನಡೆದಿತ್ತು.

ರೆಕಾರ್ಡಿಂಗಿನ ದಿನ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಹತ್ತೊಂಬತ್ತನೆಯ ನಿಮಿಷದಲ್ಲಿ ಕೆಂಪು ಬಲ್ಬು ಹತ್ತಿತು. ಒಂದನೇ ಕ್ಯಾಮರಾದಲ್ಲಿ ನಟಿಯ ಬೆನ್ನು, ಅವಳ ಮುಂದೆ ಕಿಟಕಿ, ಕಿಟಕಿಯಲ್ಲಿ ನಗರ. ದೀಪಗಳು ಆರತೊಡಗಿದವು. ಕೆಳಗಿನ ಓಣಿಗಳು ಮೊದಲು, ಆಮೇಲೆ ಸೇತುವೆ ಪಕ್ಕದವು, ಆಮೇಲೆ ಗೋಪುರಗಳು. ಒಂದೇ ಒಂದು ಉಳಿಯಿತು. ಅದು ಆರಬೇಕಾದ ಹೊತ್ತಾಯಿತು.

ಆರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಗುಂಡಿ ಒತ್ತುವ ಹುಡುಗಿ ಬೆರಳನ್ನು ಮೂರನೆಯ ಗುಂಡಿಯ ಮೇಲಿಟ್ಟುಕೊಂಡು ಅವಳತ್ತ ನೋಡಿದಳು. “ಬದಲಿಸ್ಲಾ ಅಕ್ಕ?”

ಬದಲಿಸುವುದೇ ಸರಿ. ಏನೋ ಎಡವಟ್ಟಾಗಿದೆ, ರಟ್ಟು ಕೈಜಾರಿದೆ, ಮುಖಕ್ಕೆ ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ವರ್ಷ ಅದೇ ಗುಂಡಿಗಳ ಮುಂದೆ ಕೂತವಳಿಗೆ ಅದು ಗೊತ್ತಿತ್ತು. ಆದರೆ ಅವಳು ಮಾನಿಟರನ್ನೇ ನೋಡುತ್ತಿದ್ದಳು. ಅಷ್ಟು ದೊಡ್ಡ ಕತ್ತಲೆಯಲ್ಲಿ ಒಂದು ಚುಕ್ಕಿ. ಅದರ ಕಡೆಗೆ ವಾಲಿದ ಒಂದು ಬೆನ್ನು.

“ಬೇಡ,” ಅಂದಳು. ಮೈಕಿನಲ್ಲಿ, “ಉದ್ದಣ್ಣ, ಮುಂದೆ ಹೋಗು. ನಿಧಾನ. ಇನ್ನೂ ನಿಧಾನ.”

ತಾಲೀಮಿನಲ್ಲಿ ಇಲ್ಲದ್ದು. ಉದ್ದಣ್ಣ ಒಂದು ಮಾತು ಕೇಳಲಿಲ್ಲ. ಟ್ರಾಲಿ ಸದ್ದಿಲ್ಲದೆ ಜರುಗಿತು. ನಟಿಯ ಭುಜ ಚಿತ್ರದ ಅಂಚಿಗೆ ಸರಿಯಿತು, ಆಮೇಲೆ ಅವಳ ಕಿವಿ, ಆಮೇಲೆ ಬರೀ ಕತ್ತಲೆ ಮತ್ತು ಆ ಚುಕ್ಕಿ. ಹನ್ನೊಂದು ಸೆಕೆಂಡು. ಟೆಲಿವಿಷನ್ನಿನಲ್ಲಿ ಅದು ಒಂದು ಯುಗ. ನಟಿಗೂ ಏನೂ ಗೊತ್ತಿರಲಿಲ್ಲ, ಆದರೆ ಅವಳು ಆಟ ಬಿಡಲಿಲ್ಲ. ಅವಳ ಕೈ ಮೇಲೆದ್ದು ಚಿತ್ರದೊಳಗೆ ಬಂತು, ಕಿಟಕಿಯ ಗಾಜನ್ನು ಮುಟ್ಟಿತು. ಬೆರಳು ಮುಟ್ಟಿದ ಕ್ಷಣ ದೀಪ ಆರಿತು.

“ತಟ್ಟು,” ಎಂದು ನಿರ್ದೇಶಕಿ ಮೈಕಿನಲ್ಲಿ ಅಂದಳು. ಬಾಗಿಲು ತಟ್ಟಿದ ಸದ್ದಾಯಿತು. ಕೊಠಡಿಯಲ್ಲಿದ್ದವರೆಲ್ಲ ಕೂತಲ್ಲೇ ಬೆಚ್ಚಿದರು, ಬರುತ್ತದೆಂದು ಗೊತ್ತಿದ್ದವರೂ.

ಎಲ್ಲ ಮುಗಿದು ದೀಪ ಹಾಕಿದ ಮೇಲೆ ಅವಳು ಮೆಟ್ಟಿಲಿಳಿದು ನೇರ ಪರದೆಯ ಹಿಂದಕ್ಕೆ ಹೋದಳು. ಅಪ್ಪ ಬೆವರು ಒರೆಸಿಕೊಳ್ಳುತ್ತ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು.

“ಏನಾಯ್ತಪ್ಪ? ಕೈ ಹಿಡ್ಕೊಂಡ್ಬಿಡ್ತಾ?”

“ಕೈಗೇನಾಗಿದೆ, ಗಟ್ಟಿಯಾಗಿದೆ.” ಅಪ್ಪ ಪರದೆಯ ಒಂದು ತೂತನ್ನು ತೋರಿಸಿದರು. “ಇದರಿಂದ ನೋಡ್ತಿದ್ದೆ. ನಲವತ್ತು ವರ್ಷ ಪರದೆ ಹಿಂದಿಂದಲೇ ಜನರ ಮುಖ ನೋಡಿದ ಅಭ್ಯಾಸ. ಆ ಹುಡುಗಿ ಇನ್ನೂ ನೋಡಿ ಮುಗಿಸಿರ್ಲಿಲ್ಲ ಕಣೇ. ಹನ್ನೆರಡು ವರ್ಷ ನೋಡಿದ ಊರು. ಅವಳು ನೋಡ್ತಿದ್ದಂಗೇ ಮುಖದ ಮೇಲೆ ಬಾಗ್ಲು ಹಾಕೋಕಾಗುತ್ತಾ?”

ಅವಳು ಬಗ್ಗಿ ಆ ತೂತಿಗೆ ಕಣ್ಣಿಟ್ಟು ನೋಡಿದಳು.

“ತಪ್ಪಾಯ್ತೇನು?” ಅಪ್ಪ ಕೇಳಿದರು.

“ಇಲ್ಲ ಅಪ್ಪ. ನಾನೂ ಕಾಯ್ತಿದ್ದೆ.”

“ಅದು ಗೊತ್ತಾಯ್ತು. ಮುಂದೆ ಬರ್ತಿದ್ದ ಕ್ಯಾಮರಾ ಕಾಣಿಸ್ತು. ಇವಳಿಗೆ ಅರ್ಥವಾಯ್ತು ಅಂದ್ಕೊಂಡೆ. ನನ್ನ ಮಗಳಲ್ವಾ.”

ಅಲ್ಲಿ ರಟ್ಟು ಹಿಡಿದಿದ್ದ ನಾಲ್ವರೂ ಇದ್ದರು, ಮಿಣುಕಣ್ಣನೂ ಬಂದು ನಿಂತಿದ್ದ. ಅಪ್ಪ ಅವಳನ್ನು ಎಲ್ಲರೆದುರು ಹೊಗಳಿದ್ದು ಅವಳ ನೆನಪಿನಲ್ಲಿ ಅದೇ ಮೊದಲು. ಅವಳು ಮುಖ ತಿರುಗಿಸಿ, ಬೇಕಿಲ್ಲದಿದ್ದರೂ ಒಂದು ದೀಪದ ತಂತಿಯನ್ನು ಸುತ್ತಿಡತೊಡಗಿದಳು.

ಆ ಭಾನುವಾರ ಸಂಜೆ ಅವರ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕಪಕ್ಕದ ಮೂರು ಮನೆಯವರು, ಅಮ್ಮನ ತಂಗಿ, ಅವರ ಮಕ್ಕಳು, ಅಪ್ಪನ ಹಳೆಯ ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವರು. ದೀಪಗಳು ಆರುವಾಗ ಮಕ್ಕಳೂ ಸುಮ್ಮನಾದರು. ಕೊನೆಯ ಚುಕ್ಕಿ ಉಳಿದಾಗ ಯಾರೋ, “ಆರಬಾರ್ದಪ್ಪ ಅದು,” ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು. ಬಂದವನಿಗೆ ಕುರ್ಚಿ ಹಾಕುವಾಗ ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಚಿಕ್ಕಮ್ಮ ಕೇಳಿದರು:

“ಭಾವ, ಹನ್ನೆರಡು ದಿನ ಬರೆದ್ರಿ ಅಂತ ನಮ್ಮಕ್ಕ ಹೇಳ್ತಿದ್ಲು. ಇದರಲ್ಲಿ ನೀವು ಬರೆದಿದ್ದು ಎಲ್ಲಿ?”

“ಆ ಕತ್ತಲೆ ಇದ್ಯಲ್ಲ,” ಅಂದರು ಅಪ್ಪ, “ಅದೆಲ್ಲ ನಂದೇ.”

ಪೆಟ್ಟಿಗೆಯವರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಅಪ್ಪ ಕೂತಲ್ಲಿಂದಲೇ ಸ್ವಲ್ಪ ತಲೆ ಬಾಗಿಸಿದರು.

ಆ ವಾರ ಟೆಲಿವಿಷನ್ ಕೇಂದ್ರಕ್ಕೆ ಕಾಗದಗಳ ಮೂಟೆಯೇ ಬಂತು. ಬಾಗಿಲಲ್ಲಿ ನಿಂತ ಜೀವಿ ಎಷ್ಟು ಭವ್ಯವಾಗಿತ್ತೆಂದು ಹಲವರು ವರ್ಣಿಸಿದ್ದರು. ಒಬ್ಬರಂತೂ ಅದರ ಕಣ್ಣಿನ ಬಣ್ಣವನ್ನೂ ಬರೆದಿದ್ದರು. ಮುಖ್ಯಸ್ಥರು ಆ ಕಾಗದವನ್ನು ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡು ಬಂದವರಿಗೆಲ್ಲ ತೋರಿಸಿದರು. ಮುಂದಿನ ಸರಣಿಗೆ ಅವಳಿಗೆ ಆರು ಕಂತು ಕೊಟ್ಟರು, ಅಪ್ಪನಿಗೆ ದೃಶ್ಯ ವಿಭಾಗದಲ್ಲಿ ಒಂದು ಮೇಜು. ಅಪ್ಪ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದರು. ಹೊಸದಾಗಿ ಸೇರಿದ ಚಿತ್ರಗಾರರು ಯಾರೇ ಆಗಲಿ, ಕುಂಚ ಅದ್ದುವ ಮೊದಲು ಮಾನಿಟರಿನ ಮುಂದೆ ಒಂದು ಗಂಟೆ ಕೂರಲೇಬೇಕೆಂದು ಕಟ್ಟುನಿಟ್ಟು ಮಾಡಿದರು.

ಹನ್ನೊಂದನೇ ಕಂತು ಆಮೇಲೆ ಎಷ್ಟು ಸಲ ಮರುಪ್ರಸಾರವಾಯಿತೋ ಲೆಕ್ಕವಿಲ್ಲ. ನಿರ್ದೇಶನ ಕಲಿಸುವ ತರಗತಿಗಳಲ್ಲಿ ಅದನ್ನು ಇಂದಿಗೂ ಹಾಕಿ ತೋರಿಸುತ್ತಾರೆ. ಕೂದಲು ನರೆತ ಮೇಲೆ ಅವಳೂ ವರ್ಷಕ್ಕೊಮ್ಮೆ ಅಂಥ ತರಗತಿಗೆ ಹೋಗುತ್ತಿದ್ದಳು. ಪ್ರತಿ ಸಲವೂ ಯಾರಾದರೊಬ್ಬರು ಕೈಯೆತ್ತಿ ಆ ಹನ್ನೊಂದು ಸೆಕೆಂಡಿನ ಬಗ್ಗೆ ಕೇಳುತ್ತಿದ್ದರು: ಅಷ್ಟು ಹೊತ್ತು ಹಿಡಿದಿಡಬೇಕೆಂದು ಮೊದಲೇ ಯೋಚಿಸಿದ್ದಿರಾ, ಮೇಡಂ?

“ದೀಪ ಉಳಿಸಿದ್ದು ನಾನಲ್ಲ, ನಮ್ಮಪ್ಪ,” ಎನ್ನುತ್ತಿದ್ದಳು. “ಬದಲಿಸ್ಬೇಡ ಅಂದಿದ್ದು ನಾನು. ಅವರು ಪರದೆ ಹಿಂದೆ, ನಾನು ಕೊಠಡಿ ಗಾಜಿನ ಹಿಂದೆ. ಒಬ್ಬರಿಗೊಬ್ಬರು ಕಾಣ್ತಿರ್ಲಿಲ್ಲ.”

ಹಾಗೆ ಹೇಳುವಾಗ ಅವಳ ದನಿ ತುಸು ಏರುತ್ತಿತ್ತು. ಅದನ್ನು ಇಳಿಸಿಕೊಳ್ಳಲು ಅವಳು ಹೋಗುತ್ತಿರಲಿಲ್ಲ.